ಪೋಲ್ ವಾಲ್ಟ್‌ನಲ್ಲಿ ಕೈ ಜಾರುತ್ತಿದೆಯಾ? ಟೇಪ್ ಸುತ್ತುವ ಮೊದಲು ಇಷ್ಟು ನೋಡಿ

ಯುಗಾದಿ ಕಳೆದರೆ ಸಾಕು, ಬಳ್ಳಾರಿ, ರಾಯಚೂರು ಕಡೆ ಪೋಲ್ ವಾಲ್ಟ್ (ಉದ್ದನೆಯ ಕೋಲು ಊರಿ ಅಡ್ಡಪಟ್ಟಿ ದಾಟುವ ಆಟ) ಕಲಿಯುವ ಮಕ್ಕಳದ್ದು ಒಂದೇ ದೂರು: “ಸರ, ಕೈ ಜಾರಾಕತ್ತೈತ್ರಿ.” ಅದಕ್ಕೆ ಅವರೇ ಕಂಡುಕೊಂಡ ಮದ್ದೂ ಒಂದೇ. ಇನ್ನೊಂದು ಸುತ್ತು ಟೇಪ್. ಮೇ ತಿಂಗಳ ಹೊತ್ತಿಗೆ ಟೇಪಿನ ಮೇಲೆ ಟೇಪ್ ಬಿದ್ದು ಪೋಲಿನ ಮೇಲ್ತುದಿ ಮುಷ್ಟಿಗೆ ಸಿಗದಷ್ಟು ದಪ್ಪ ಆಗಿರುತ್ತದೆ. ಕೈ ಮಾತ್ರ ಜಾರುವುದು ನಿಂತಿರುವುದಿಲ್ಲ.

ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ, ಬೆವರು ಸುಳ್ಳಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಅಂಗೈಯಲ್ಲೇ ಹುಟ್ಟುವ ದೋಷ ಕಡಿಮೆ. ಜಾಸ್ತಿ ದೋಷ ಹುಟ್ಟುವುದು ಓಟದಲ್ಲಿ, ನೆಲ ಒದ್ದು ಏಳುವ (ಟೇಕಾಫ್) ಕಾಲಲ್ಲಿ, ಇಲ್ಲವೇ ಪೋಲ್ ಆರಿಸುವಲ್ಲಿ. ಅಂಗೈಯಲ್ಲಿ ಅದು ಕಾಣಿಸಿಕೊಳ್ಳುತ್ತದೆ ಅಷ್ಟೆ. ಹಾಗಾಗಿ ಟೇಪಿನ ಸುರುಳಿ ಕೆಳಗಿಡಿ. ಮೊದಲು ಏನು ನಡೆಯುತ್ತಿದೆ ಅಂತ ಪತ್ತೆ ಮಾಡೋಣ.

ಮುಂದೆ ಬರೆದಿರುವುದೆಲ್ಲ ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿದು ಎಡಗಾಲಲ್ಲಿ ಹಾರುವವರ ಲೆಕ್ಕದಲ್ಲಿದೆ. ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಜಾರಿದ್ದು ಹೇಗೆ? ಪೋಲೇ ಹೇಳುತ್ತದೆ

“ಕೈ ಜಾರಿತು” ಎನ್ನುವ ಒಂದೇ ಮಾತಿಗೆ ಮೂರು ಬೇರೆ ಬೇರೆ ಅರ್ಥ ಇರಬಹುದು. ಕೈ ಪೋಲಿನ ಉದ್ದಕ್ಕೆ ಕೆಳಗೆ ಸರಿದಿರಬಹುದು. ಕೈ ಇದ್ದಲ್ಲೇ ಇದ್ದು ಪೋಲ್ ಕೈಯೊಳಗೆ ಉರುಳಿರಬಹುದು. ಇಲ್ಲವೇ ಕೈ ಜಾರಿಯೇ ಇಲ್ಲ, ಬೆರಳು ಬಿಚ್ಚಿಕೊಂಡಿದೆ. ಹಾರಿದವರಿಗೆ ಮೂರೂ ಒಂದೇ ಥರ ಅನಿಸುತ್ತವೆ. ಎಲ್ಲ ಮುಗಿಯುವುದು ಅರೆ ಕ್ಷಣದಲ್ಲಿ, ಹೇಗೆ ಗೊತ್ತಾಗಬೇಕು?

ಹೀಗೆ ಮಾಡಿ. ಹಿಡಿಯುವ ಜಾಗವನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಬಲಗೈಯ ತೋರುಬೆರಳು ಎಲ್ಲಿ ಬರುತ್ತದೋ ಅಲ್ಲಿ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಅಂಗೈಗೆ ತೆಳ್ಳಗೆ ಚಾಕ್ (ಹಿಡಿತಕ್ಕೆ ಹಚ್ಚುವ ಬಿಳಿ ಪುಡಿ) ಹಚ್ಚಿಕೊಂಡು, ಉಳಿದದ್ದನ್ನು ಚಪ್ಪಾಳೆ ತಟ್ಟಿ ಉದುರಿಸಿ, ಆಮೇಲೆ ಹಾರಿ. ಹಾರಿದ ಮೇಲೆ ಪೋಲ್ ನೆಲಕ್ಕೆ ಬೀಳದಂತೆ ಒಬ್ಬರು ಹಿಡಿದುಕೊಳ್ಳಲಿ. ಈಗ ಚಾಕಿನ ಗುರುತು ನೋಡಿ.

ಬಿಳಿ ಗುರುತು ಗೆರೆಯಿಂದ ಕೆಳಗೆ ಉದ್ದಕ್ಕೆ ಎಳೆದಂತಿದ್ದರೆ ನಿಜವಾದ ಜಾರುವಿಕೆ. ಗುರುತು ಪೋಲಿನ ಸುತ್ತ ಅಡ್ಡಡ್ಡ ತೀಡಿದಂತಿದ್ದರೆ ಪೋಲ್ ಉರುಳಿದೆ. ನಾಲ್ಕು ಬೆರಳಿನ ಅಚ್ಚು ಸ್ಪಷ್ಟವಾಗಿ, ಇಟ್ಟಲ್ಲೇ ಇದ್ದರೆ ಕೈ ಜಾರಿಲ್ಲ, ಬಿಟ್ಟಿದೆ. ಒಂದು ಸಲದ ಗುರುತು ನಂಬಬೇಡಿ. ನಾಲ್ಕಾರು ಸಲ ನೋಡಿ, ಪ್ರತಿ ಸಲ ಒರೆಸಿ ಹೊಸದಾಗಿ ಶುರು ಮಾಡಿ.

ಇನ್ನೊಂದು ಸಾಕ್ಷಿ ಅಂಗೈ ಚರ್ಮ. ಬೆರಳುಗಳ ಬುಡದಲ್ಲಿ ಸಾಲಾಗಿ ಗಟ್ಟಿ ಚರ್ಮ ಬಂದಿದ್ದರೆ ಅದು ನೇತಾಡಿದ ಕೈ, ಚಿಂತೆ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಲ್ಲಿ ಚರ್ಮ ಸುಲಿದಿದ್ದರೆ ಸಾಮಾನ್ಯವಾಗಿ ಪೋಲ್ ಉರುಳುತ್ತಿದೆ ಅಂತಲೇ ತಿಳಿಯಿರಿ.

ಜಾರಿದ ಮೇಲೆ ಸರಿಮಾಡಿಕೊಳ್ಳೋಣ ಅನ್ನುವ ಹಾಗೂ ಇಲ್ಲ. ನೆಲ ಬಿಟ್ಟ ಮೇಲೆ ಮೇಲಿನ ಕೈಯನ್ನು ಇನ್ನೂ ಮೇಲೆ ಸರಿಸಿದರೆ, ಅಥವಾ ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲೆ ಇಟ್ಟರೆ ಆ ಪ್ರಯತ್ನ ಫೌಲ್. ಏನು ಮಾಡಿದರೂ ಓಡುವ ಮುಂಚೆಯೇ ಮಾಡಬೇಕು.

ಉದ್ದಕ್ಕೆ ಜಾರುತ್ತಿದ್ದರೆ

ಮೊದಲು ಎಣ್ಣೆ. ಬೆವರಿಗಿಂತ ಮೊದಲು ಎಣ್ಣೆ. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿಕೊಂಡು ಬಂದ ಹುಡುಗ, ಓಡುವ ಮುಂಚೆ ಹಣೆ ಒರೆಸಿಕೊಂಡು ಕೂದಲು ಹಿಂದಕ್ಕೆ ತಳ್ಳುತ್ತಾನೆ. ಅದೇ ಕೈಯಲ್ಲಿ ಪೋಲ್ ಹಿಡಿಯುತ್ತಾನೆ. ಮುಖಕ್ಕೆ ಹಚ್ಚಿದ ಸನ್‌ಸ್ಕ್ರೀನ್ ಕೂಡ ಹೀಗೇ ಅಂಗೈಗೆ ಬರುತ್ತದೆ. ನಮ್ಮ ಕಡೆ ಮೈದಾನದ ಗೇಟಿನ ಹೊರಗೇ ಒಗ್ಗರಣೆ, ಮಿರ್ಚಿ ಬಂಡಿ ಇರುತ್ತದೆ ಅಲ್ವಾ, ಅದನ್ನು ತಿಂದು ಪ್ಯಾಂಟಿಗೆ ಒರೆಸಿಕೊಂಡ ಕೈ ಸ್ವಚ್ಛ ಕೈ ಅಲ್ಲ. ಎಣ್ಣೆ ಮೇಲೆ ಎಷ್ಟು ಚಾಕ್ ಹಚ್ಚಿದರೂ ಸುಮ್ನೆ. ಸೋಪು ಹಾಕಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಚಾಕ್. ಪೋಲಿನ ಟೇಪಿಗೆ ಎಣ್ಣೆ ಹತ್ತಿದ್ದರೆ ಒರೆಸಿ ಉಪಯೋಗ ಇಲ್ಲ, ಬಟ್ಟೆ ಟೇಪ್ ಎಣ್ಣೆ ಕುಡಿದಿರುತ್ತದೆ. ಕಿತ್ತು ಹೊಸದು ಸುತ್ತಿ.

ಈಗ ಬೆವರು. ಅಂಗೈ ಬೆವರಿಗಿಂತ ತೋಳಿನ ಬೆವರು ಹೆಚ್ಚು ಕಾಟ ಕೊಡುತ್ತದೆ. ಪೋಲ್ ಹೊತ್ತು ಓಡುವಾಗ ಬಲಗೈ ಸೊಂಟದ ಹತ್ತಿರ ಕೆಳಗಿರುತ್ತದೆ. ಮೇಲಿನಿಂದ ಇಳಿದ ಬೆವರು ಮುಂಗೈಯಿಂದ ಮಣಿಕಟ್ಟಿಗೆ, ಅಲ್ಲಿಂದ ನೇರ ಅಂಗೈಗೆ. ಚಾಕ್ ಮತ್ತು ಬೆವರು ಸೇರಿದರೆ ತೆಳ್ಳಗಿನ ಗಂಜಿ ಆಗುತ್ತದೆ, ಅದು ಬರೀ ಬೆವರಿಗಿಂತ ಕೆಟ್ಟದ್ದು. ಮಣಿಕಟ್ಟಿಗೆ ಟೆನಿಸ್ ಆಡುವವರು ಹಾಕುವ ಬಟ್ಟೆ ಬ್ಯಾಂಡ್ ಹಾಕಿ. ಸಿಗದಿದ್ದರೆ ಹಳೇ ಬನಿಯನ್ನಿನ ಪಟ್ಟಿ ಕಟ್ಟಿ. ಇಷ್ಟಕ್ಕೇ ಅರ್ಧ ಜನರ ದೂರು ನಿಂತುಹೋಗುತ್ತದೆ.

ಬೆವರದ ಕೈಗೂ ಕಷ್ಟ ಇದೆ. ನಮ್ಮದು ಒಣ ಸೆಕೆ. ಕೆಲವರ ಅಂಗೈ ಬಿಸಿಗಾಳಿಗೆ ಕಾಗದದಂತೆ ಒಣಗಿಬಿಡುತ್ತದೆ. ಪೂರ್ತಿ ಒಣಗಿದ ಚರ್ಮಕ್ಕೆ ಹಿಡಿತ ಕಡಿಮೆ, ಅದರ ಮೇಲೆ ಚಾಕ್ ಹಚ್ಚಿದರೆ ಇನ್ನೂ ನುಣುಪು. ಹೊಲದಲ್ಲಿ ಗುದ್ದಲಿ ಹಿಡಿಯುವ ಮುಂಚೆ ಅಂಗೈಗೆ ಉಗುಳಿ ತಿಕ್ಕಿಕೊಳ್ಳುತ್ತಾರಲ್ಲ, ಅವರಿಗೆ ಈ ಸಂಗತಿ ಮೊದಲೇ ಗೊತ್ತು. ಅಂಥವರು ಒದ್ದೆ ಬಟ್ಟೆಯಲ್ಲಿ ಅಂಗೈ ಒಮ್ಮೆ ಒತ್ತಿಕೊಂಡು, ನೀರು ಆರಿ ಬರೀ ಪಸೆ ಉಳಿದಾಗ ಪೋಲ್ ಹಿಡಿಯಲಿ. ಚಾಕ್ ಬೇಡ.

ಚಾಕ್ ಪುಡಿಯ ವಿಷಯದಲ್ಲಿ ಗೊಂದಲ ಬಹಳ. ಬೇಕಾದದ್ದು ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ, ಜಿಮ್ನಾಸ್ಟಿಕ್ಸ್‌ನವರೂ ವೇಟ್‌ಲಿಫ್ಟಿಂಗ್‌ನವರೂ ಬಳಸುವುದು. ಕೇರಂ ಪೌಡರ್, ಮುಖದ ಟಾಲ್ಕಂ ಪೌಡರ್ ಎರಡೂ ಜಾರಿಸಲಿಕ್ಕೇ ಇರುವಂಥವು, ಅವನ್ನು ಹಚ್ಚಿ ಹಾರಿದವರನ್ನು ನಾನು ಕಂಡಿದ್ದೇನೆ, ನಂಬಿ. ಟ್ರ್ಯಾಕಿಗೆ ಗೆರೆ ಎಳೆಯುವ ಸುಣ್ಣದ ಪುಡಿಯನ್ನಂತೂ ಮುಟ್ಟಲೇಬೇಡಿ. ಬೆವರಿನ ಕೈಗೆ ಸುಣ್ಣ ಬಿದ್ದರೆ ಚರ್ಮ ಸುಡುತ್ತದೆ, ಕಣ್ಣಿಗೆ ಹೋದರೆ ಆಸ್ಪತ್ರೆ. ಕಪ್ಪು ಹಲಗೆಯ ಸೀಮೆಸುಣ್ಣದಿಂದ ಅಪಾಯ ಇಲ್ಲ, ಅಂಥ ಲಾಭವೂ ಇಲ್ಲ.

ರಾಳದ ಪುಡಿ ಅಥವಾ ಅಂಟು ಸ್ಪ್ರೇ ಬಳಸಬಹುದು. ಹಿಡಿತಕ್ಕೆ ಅಂತ ಕೈಗಾಗಲಿ ಪೋಲಿಗಾಗಲಿ ಇಂಥದ್ದನ್ನು ಹಚ್ಚಲು ನಿಯಮದಲ್ಲಿ ಅವಕಾಶ ಇದೆ. ಕೈಗವಸಿಗೂ ಇದೆ. ಆದರೆ ನಮ್ಮ ಬಿಸಿಲಲ್ಲಿ ಅಂಟು ಮೆತ್ತಗಾಗಿ ಪೋಲ್ ಮೇಲೆ ಒಂದು ಜಾರು ಪದರ ಆಗಿಬಿಡುತ್ತದೆ. ಕೈ ಅಂಟನ್ನು ಬಿಗಿಯಾಗಿ ಹಿಡಿದಿರುತ್ತದೆ, ಅಂಟು ಪೋಲನ್ನು ಹಿಡಿದಿರುವುದಿಲ್ಲ. ಅಂಟು ಹಚ್ಚುವವರು ತೆಳ್ಳಗೆ ಹಚ್ಚಿ, ಪೋಲನ್ನು ನೆರಳಲ್ಲಿಡಿ. ಹತ್ತು ಗಂಟೆಯ ಬಿಸಿಲಲ್ಲಿ ನೆಲದ ಮೇಲೆ ಬಿದ್ದಿದ್ದ ಪೋಲನ್ನು ಒಮ್ಮೆ ಮುಟ್ಟಿ ನೋಡಿ, ನಾನು ಹೇಳುವುದು ಅರ್ಥ ಆಗುತ್ತದೆ. ಚಳಿಗಾಲದ ಬೆಳಗಿನ ಅಭ್ಯಾಸದಲ್ಲಿ ಇದಕ್ಕೆ ಉಲ್ಟಾ, ಅಂಟು ಗಟ್ಟಿಯಾಗಿ ಗಾಜಿನಂತಾಗುತ್ತದೆ. ಕೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿಕೊಂಡರೆ ಸರಿ.

ದೂಳನ್ನೂ ಮರೆಯಬೇಡಿ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ದೂಳು, ರಾಯಚೂರು ಕಡೆಯ ಎರೆ ಮಣ್ಣಿನ ಪುಡಿ ಅಂಟಿನ ಮೇಲೆ ಕೂತರೆ ಆ ಅಂಟು ಸತ್ತಂತೆ. ಕೆಲವರು ಅಂಟು ಬದಿ ಹೊರಗೆ ಬರುವಂತೆ ಟೇಪ್ ಸುತ್ತುತ್ತಾರೆ. ಒಳಾಂಗಣದಲ್ಲಿ ಅದು ಚೆನ್ನ. ಇಲ್ಲಿ ಎರಡು ಹಾರಿಕೆಗೆ ಅದು ಉಪ್ಪುಕಾಗದ ಆಗಿ, ಆಮೇಲೆ ಏನೂ ಅಲ್ಲದ್ದಾಗುತ್ತದೆ. ಪೋಲನ್ನು ನೆಲಕ್ಕೆ ಮಲಗಿಸಬೇಡಿ, ಎರಡು ಕಡೆ ಸ್ಟ್ಯಾಂಡ್ ಇಟ್ಟು ಮೇಲೆ ಮಲಗಿಸಿ.

ಟೇಪ್ ಸುತ್ತುವುದೇ ಆದರೆ ಹೀಗೆ ಸುತ್ತಿ. ಹಳೆಯದನ್ನು ಪೂರ್ತಿ ತೆಗೆಯಿರಿ. ಉಳಿದ ಅಂಟನ್ನು ಸರ್ಜಿಕಲ್ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ತಿಕ್ಕಿ ತೆಗೆಯಿರಿ. ಬ್ಲೇಡಿನಲ್ಲಿ ಕೆರೆಯಬಾರದು, ಫೈಬರ್‌ಗೆ ಗೀರು ಬಿದ್ದರೆ ಪೋಲ್ ಅಲ್ಲೇ ಮುರಿಯುತ್ತದೆ. ಕ್ರೀಡಾ ಗಾಯಕ್ಕೆ ಸುತ್ತುವ ಬಟ್ಟೆ ಟೇಪನ್ನು ಕೆಳಗಿನಿಂದ ಮೇಲಕ್ಕೆ ಒಂದೇ ಪದರ ಸುತ್ತಿ. ಹೀಗೆ ಸುತ್ತಿದರೆ ಪ್ರತಿ ಸುತ್ತಿನ ಅಂಚು ಕೆಳಮುಖ ಇರುತ್ತದೆ, ಕೈ ಕೆಳಗೆ ಎಳೆದಾಗ ಅಂಚು ಸುರುಳಿ ಏಳುವುದಿಲ್ಲ. ಪದರ ಒಂದೇ ಸಮ ಇರಬೇಕು. ಬೆರಳು ತಡೆಯಲಿ ಅಂತ ಒಂದು ಜಾಗದಲ್ಲಿ ಬಳೆಯಂತೆ ದಪ್ಪಗೆ ಸುತ್ತುವುದು ನಿಯಮಕ್ಕೆ ವಿರುದ್ಧ. ಹಾಗೆ ಪೋಲಿನ ದಪ್ಪ ಏಕಾಏಕಿ ಬದಲಾಗಿದ್ದರೆ ಸ್ಪರ್ಧೆಯಲ್ಲಿ ಅಧಿಕಾರಿ ಬಿಚ್ಚಿಸುತ್ತಾರೆ, ನಿಮ್ಮ ಅಭ್ಯಾಸದ ಹಿಡಿತವೇ ಹೋಗುತ್ತದೆ.

ಪೋಲ್ ಉರುಳುತ್ತಿದ್ದರೆ

ಫೈಬರ್ ಪೋಲ್ ಪೂರ್ತಿ ನೇರ ಇರುವುದಿಲ್ಲ, ಹುಟ್ಟಿನಿಂದಲೇ ಸ್ವಲ್ಪ ಬಾಗು ಇರುತ್ತದೆ. ಎರಡು ತುದಿಗಳನ್ನು ಎರಡು ಸ್ಟ್ಯಾಂಡ್ ಮೇಲಿಟ್ಟು ಮೆಲ್ಲಗೆ ಉರುಳಿಸಿ. ಒಂದು ಕಡೆ ಬಂದು ತಾನೇ ನಿಲ್ಲುತ್ತದೆ, ಹೊಟ್ಟೆ ಕೆಳಗೆ ಮಾಡಿಕೊಂಡು. ಪೋಲಿಗೆ ಇಷ್ಟವಾದ ಬಾಗು ಅದು. ಪ್ರತಿ ಸಲ ಬೇರೆ ಬೇರೆ ಮೈ ತಿರುಗಿಸಿ ಹಿಡಿದರೆ, ಬಾಗುವಾಗ ಪೋಲ್ ತನ್ನ ಇಷ್ಟದ ಕಡೆ ತಿರುಗಲು ನೋಡುತ್ತದೆ. ಕೈಯೊಳಗೆ ತಿರುಚಿದಂತೆ ಆಗುವುದು ಆಗಲೇ. ಎಷ್ಟೇ ಬಲವಾಗಿ ಹಿಡಿದರೂ ಅದು ಗೆಲ್ಲುತ್ತದೆ. ಆ ಮೈಯನ್ನು ಪತ್ತೆ ಮಾಡಿ, ಬಲಗೈ ಇಡುವ ಜಾಗದ ಹತ್ತಿರ ಪೆನ್ನಿನಲ್ಲಿ ಚುಕ್ಕೆ ಇಡಿ. ಪ್ರತಿ ಸಲವೂ ಚುಕ್ಕೆ ಅಂಗೈಯ ಒಂದೇ ಜಾಗಕ್ಕೆ ಬರಲಿ. ಹೊಸ ಪೋಲ್ ಆದರೆ ತಯಾರಕರೇ ಗುರುತು ಹಾಕಿರುತ್ತಾರೆ, ಅದನ್ನು ಅನುಸರಿಸಿ.

ಚುಕ್ಕೆ ಸರಿ ಇದ್ದೂ ಉರುಳುತ್ತಿದ್ದರೆ ಎಡಗೈ ನೋಡಿ. ಟೇಕಾಫ್ ಆದ ಕೂಡಲೇ ಎಡಗೈಯಿಂದ ಪೋಲನ್ನು ಎದೆಗೆ ಎಳೆದುಕೊಳ್ಳುವ ಚಾಳಿ ಹೊಸಬರಿಗೆ ಇರುತ್ತದೆ. ಭಯಕ್ಕೆ ತಬ್ಬಿಕೊಳ್ಳುವುದು ಅದು. ಎಳೆದರೆ ಪೋಲ್ ಪಕ್ಕಕ್ಕೆ ತಿರುಗುತ್ತದೆ, ಬಲಗೈಯಲ್ಲಿ ಉರುಳುತ್ತದೆ. ಎಡಗೈ ಮೇಲಕ್ಕೆ, ಮುಂದಕ್ಕೆ ತಳ್ಳುತ್ತಾ ಇರಬೇಕು. ಮೊಣಕೈ ಕಬ್ಬಿಣದಂತೆ ಬಿಗಿ ಇರುವುದೂ ಬೇಡ, ಕುಸಿಯುವುದೂ ಬೇಡ.

ಎರಡು ಕೈ ನಡುವಿನ ಅಂತರವೂ ಇದರಲ್ಲಿ ಸೇರಿದೆ. ಒಂದು ಮೊಳ ಇಟ್ಟು ಶುರು ಮಾಡಿ, ಹಾರುವವರದ್ದೇ ಮೊಳ. ಎತ್ತರದವರು ಇನ್ನು ನಾಲ್ಕು ಬೆರಳು ಜಾಸ್ತಿ ಇಟ್ಟುಕೊಳ್ಳಬಹುದು. ತೀರಾ ಹತ್ತಿರ ಹಿಡಿದರೆ ಪೋಲ್ ತುದಿ ಓಟದಲ್ಲಿ ತೂಗಾಡುತ್ತದೆ. ತೀರಾ ದೂರ ಹಿಡಿದರೆ ಎಡಗೈ ತಡೆಗೋಡೆ ಆಗಿ, ಮೈ ಪೋಲಿನ ಕೆಳಗೆ ಹೋಗುವುದೇ ಇಲ್ಲ.

ಅಚ್ಚು ಸ್ಪಷ್ಟವಾಗಿದೆ, ಆದರೂ ಕೈ ಬಿಟ್ಟಿದೆ

ನಿಜವಾದ ಕೆಲಸ ಇರುವುದು ಇಲ್ಲಿ.

ಕೊಪ್ಪಳದ ಕಡೆಯ ಹುಡುಗಿಯೊಬ್ಬಳು ಅಭ್ಯಾಸಕ್ಕೆ ಬರುತ್ತಿದ್ದಳು. ಟೇಪ್, ರಾಳ, ಕೈಗವಸು ಎಲ್ಲ ಆಗಿತ್ತು.

“ಯಾವಾಗ ಜಾರ್ತದವ್ವಾ?”

“ಪೋಲ್ ಬಾಕ್ಸಿಗೆ ಬಡದ ಕೂಡ್ಲೇ ಸರ. ಝಲ್ ಅಂತೈತ್ರಿ, ಕೈ ಬಿಟ್ಟೋಗತೈತಿ.”

ಬಾಕ್ಸ್ ಅಂದರೆ ಓಟದ ಕೊನೆಗೆ ನೆಲದಲ್ಲಿ ಹೂತಿರುವ, ಪೋಲಿನ ತುದಿ ಊರುವ ಗುಂಡಿ. ಆ “ಝಲ್” ಮುಖ್ಯ. ಬೆವರಿನಿಂದ ಜಾರುವ ಕೈ ಝಲ್ ಅನ್ನುವುದಿಲ್ಲ. ಚಾಕ್ ಗುರುತು ನೋಡಿದರೆ ಬೆರಳಚ್ಚು ಒಂಚೂರೂ ಕದಲಿರಲಿಲ್ಲ. ಪಕ್ಕದಿಂದ ಫೋನಿನಲ್ಲಿ ನಿಧಾನಗತಿ ವಿಡಿಯೊ ತೆಗೆದೆವು. ಎಡಗಾಲ ತುದಿ ನೆಲ ಬಿಡುವ ಚಿತ್ರದಲ್ಲಿ ನಿಲ್ಲಿಸಿ, ಬಲಗೈಯಿಂದ ನೇರ ಕೆಳಗೆ ಒಂದು ಸ್ಕೇಲ್ ಹಿಡಿದೆವು. ಆ ಗೆರೆ ಪಾದದ ತುದಿಗೆ ಬರಬೇಕು. ಅವಳ ಪಾದ ಒಂದು ಅಡಿಗೂ ಜಾಸ್ತಿ ಬಾಕ್ಸಿನ ಕಡೆ ಮುಂದಿತ್ತು.

ಪಾದ ಹೀಗೆ ಒಳಗೆ ಹೋದರೆ ಏನಾಗುತ್ತದೆ ನೋಡಿ. ಪೋಲ್ ಬಾಕ್ಸಿನ ಹಿಂಗೋಡೆಗೆ ಬಡಿಯುವಾಗ ಕಾಲು ಇನ್ನೂ ನೆಲದಲ್ಲೇ ಇರುತ್ತದೆ, ಕೈ ತಲೆಯ ಹಿಂದೆ ಇರುತ್ತದೆ. ಓಟದ ವೇಗವೆಲ್ಲ ಒಂದೇ ಏಟಿಗೆ ಭುಜಕ್ಕೆ, ಅಲ್ಲಿಂದ ಬೆರಳಿಗೆ ಬರುತ್ತದೆ. ಮೈ ಮುಂದೆ ಹೋಗಬೇಕು ಅನ್ನುತ್ತದೆ, ಪೋಲ್ ಹಿಂದಕ್ಕೆ ಎಳೆಯುತ್ತದೆ. ಬೆರಳು ಬಿಚ್ಚಿಕೊಳ್ಳುವುದು ಸಹಜ. ಬಿಚ್ಚಿಕೊಳ್ಳದಿದ್ದರೆ ಭುಜಕ್ಕೆ, ಬೆನ್ನಿಗೆ ಪೆಟ್ಟು. ಇಂಥ ಕೈಗೆ ಅಂಟು ಹಚ್ಚಿ ಬಿಗಿ ಮಾಡಿದರೆ ನೋವನ್ನು ಇನ್ನೊಂದು ಕಡೆ ಕಳಿಸಿದ ಹಾಗೆ.

ಲಾಂಗ್ ಜಂಪಿನವರಿಗೆ ಈ ಕಷ್ಟ ಇಲ್ಲ. ತೋರಣಗಲ್ಲಿನ ಹತ್ತಿರ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ 2023ರ ಮಾರ್ಚ್‌ನಲ್ಲಿ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿದರಲ್ಲ, ಅಲ್ಲಿ ಪಾದ ಹಲಗೆ ದಾಟಿದ್ದರೆ ಅಧಿಕಾರಿ ಆ ಕ್ಷಣಕ್ಕೇ ಕೆಂಪು ಬಾವುಟ ಎತ್ತುತ್ತಿದ್ದರು. ಪೋಲ್ ವಾಲ್ಟ್‌ನಲ್ಲಿ ಪಾದ ಎಲ್ಲಿ ಬಿತ್ತು ಅಂತ ಯಾರೂ ಬಾವುಟ ಎತ್ತುವುದಿಲ್ಲ. ತಪ್ಪು ಪಾದದ್ದು, ಬೈಗುಳ ಕೈಗೆ. ಆದ್ದರಿಂದ ಅಭ್ಯಾಸದಲ್ಲಿ ಒಬ್ಬರು ರನ್‌ವೇ ಪಕ್ಕ ಕೂತು ಬರೀ ಎಡಗಾಲು ನೋಡಬೇಕು. ಪ್ರತಿ ಹಾರಿಕೆಗೂ ಪಾದ ಬಿದ್ದ ಜಾಗದ ನೇರಕ್ಕೆ ಪಕ್ಕದಲ್ಲಿ ಒಂದು ಕಲ್ಲಿಡಲಿ. ಸಂಜೆ ಆ ಕಲ್ಲುಗಳ ಸಾಲು ನೋಡಿದರೆ ಸಾಕು.

ಎಲ್ಲ ಕಲ್ಲೂ ಒಂದೇ ಕಡೆ, ಆದರೆ ಮುಂದೆ ಇವೆ ಅಂತಾದರೆ ಸುಲಭ. ಓಟ ಶುರು ಮಾಡುವ ಗುರುತನ್ನು ಅಷ್ಟೇ ಹಿಂದಕ್ಕೆ ಇಡಿ. ಕಲ್ಲುಗಳು ಚೆಲ್ಲಾಪಿಲ್ಲಿ ಬಿದ್ದಿದ್ದರೆ ಹಿಂದೆ ಸರಿಸಿ ಪ್ರಯೋಜನ ಇಲ್ಲ, ಓಟವೇ ಒಂದೇ ಸಮ ಇಲ್ಲ. ಪೋಲ್ ಇಲ್ಲದೆ, ಆಮೇಲೆ ಪೋಲ್ ಹಿಡಿದು ಟ್ರ್ಯಾಕಿನ ಮೇಲೆ ಎಡ ಹೆಜ್ಜೆ ಎಣಿಸುತ್ತಾ ಓಡಿಸಿ. ಕೊನೆಯ ಎರಡು ಹೆಜ್ಜೆ ಉದ್ದ ಹಾಕಿ ಬಾಕ್ಸನ್ನು ತಲುಪಲು ನೋಡುವವರು ಬಹಳ. ಕೊನೆಯ ಹೆಜ್ಜೆ ಚುರುಕಾಗಿ, ಸ್ವಲ್ಪ ಚಿಕ್ಕದಾಗಿ ಬೀಳಬೇಕು.

ಗುರುತು ಸರಿ ಇದ್ದೂ ಏಟು ಬೀಳುತ್ತಿದ್ದರೆ ಪ್ಲಾಂಟ್, ಅಂದರೆ ಪೋಲ್ ಎತ್ತಿ ಬಾಕ್ಸಿಗೆ ಊರುವುದು, ತಡ ಆಗುತ್ತಿದೆ. ಬಲಗೈ ಸೊಂಟದಿಂದ ಕಿವಿಯ ಪಕ್ಕಕ್ಕೆ, ಅಲ್ಲಿಂದ ತಲೆಯ ಮೇಲಕ್ಕೆ ಕೊನೆಯ ಮೂರು ಹೆಜ್ಜೆಯಲ್ಲಿ ಏರಬೇಕು. ಎಡಗಾಲು ನೆಲ ಬಿಡುವ ಮುಂಚೆ ತೋಳು ಪೂರ್ತಿ ಚಾಚಿರಬೇಕು. ತಡ ಆಗಲು ಕಾರಣ ಹುಡುಕಿದರೆ ಮತ್ತೆ ಕೈಗೇ ಬರುತ್ತೇವೆ, ಆದರೆ ಬೇರೆ ದಾರಿಯಿಂದ. ಓಡುವಾಗಲೇ ಪೋಲನ್ನು ಕತ್ತು ಹಿಸುಕಿದಂತೆ ಹಿಡಿದವರಿಗೆ ಮಣಿಕಟ್ಟು ತಿರುಗುವುದಿಲ್ಲ. ಸೊಂಟದ ಹತ್ತಿರ ಅಂಗೈ ಇರುವ ರೀತಿ ಬೇರೆ, ತಲೆಯ ಮೇಲೆ ಇರುವ ರೀತಿ ಬೇರೆ. ನಡುವೆ ಪೋಲ್ ಅಂಗೈಯಲ್ಲಿ ಸಲೀಸಾಗಿ ತಿರುಗಬೇಕು. ಬಿಗಿ ಹಿಡಿದವರು ಆ ಹೊತ್ತಿಗೆ ಬೆರಳು ಬಿಚ್ಚಿ ಮತ್ತೆ ಹಿಡಿಯುತ್ತಾರೆ, ಅರ್ಧ ಹಿಡಿತದಲ್ಲೇ ಪೋಲ್ ಬಾಕ್ಸಿಗೆ ಬಡಿಯುತ್ತದೆ. ಓಟದಲ್ಲಿ ಬೆರಳ ಗೆಣ್ಣು ಬೆಳ್ಳಗಾಗಿದೆಯಾ ನೋಡಿ. ಬೆಳ್ಳಗಾಗಿದ್ದರೆ ಅತಿ ಬಿಗಿ. ಬಲಗೈಯ ಹೆಬ್ಬೆರಳು, ತೋರುಬೆರಳು ಪೋಲನ್ನು ಹೊತ್ತಿರಲಿ, ಉಳಿದ ಮೂರು ಬೆರಳು ಸಡಿಲ ಇರಲಿ. ತೋಳು ಮೇಲೆ ಚಾಚಿದಾಗ ಎಲ್ಲ ಬೆರಳೂ ಮುಚ್ಚಿಕೊಳ್ಳಲಿ. ನಡೆಯುತ್ತಾ ಕಲಿಸಿ, ಲಾಂಗ್ ಜಂಪಿನ ಮರಳಿನಲ್ಲಿ ಪೋಲ್ ಊರಿ ಕಲಿಸಿ. ಕೆಲವು ಶಾಲೆಗಳಲ್ಲಿ ಇದಕ್ಕೆ ಬಿದಿರು ಬಳಸುತ್ತಾರೆ. ಕಡಿಮೆ ಹಿಡಿತದಲ್ಲಿ, ಮರಳಿನಲ್ಲಿ ಅಷ್ಟಕ್ಕೆ ಪರವಾಗಿಲ್ಲ, ಆದರೆ ಸೀಳು ಇದೆಯಾ ಅಂತ ದಿನವೂ ನೋಡಿ. ಬಿದಿರಿನಲ್ಲೇ ಅಮೆರಿಕದ ಕಾರ್ನೀಲಿಯಸ್ ವಾರ್ಮರ್‌ಡ್ಯಾಮ್ 1942ರಲ್ಲಿ 4.77 ಮೀಟರ್ ಹಾರಿದ್ದು ನಿಜ. ಅದು ಅವರ ತಾಕತ್ತು, ನಮ್ಮ ಮಕ್ಕಳಿಗೆ ಉದಾಹರಣೆ ಕೊಡುವ ವಿಷಯ ಅಲ್ಲ.

ಆ ಹುಡುಗಿಯ ಗುರುತನ್ನು ಹಿಂದಕ್ಕೆ ಸರಿಸಿ, ಹಿಡಿತ ಒಂದು ಮುಷ್ಟಿ ಇಳಿಸಿದೆವು. ಕೈಗವಸು ತೆಗೆಸಿದೆವು. ಝಲ್ ಅನ್ನುವುದು ನಿಂತಿತು.

ಹಿಡಿತದ ಎತ್ತರ

ಎಷ್ಟು ಮೇಲೆ ಹಿಡಿದರೆ ಅಷ್ಟು ಎತ್ತರ ಹಾರಬಹುದು ಅನ್ನುವುದು ಮಕ್ಕಳ ಲೆಕ್ಕ. ಲೆಕ್ಕದಲ್ಲಿ ಮೊದಲು ಬಾಕ್ಸನ್ನು ಕಳೆಯಿರಿ. ಅದು ನೆಲದಿಂದ 20 ಸೆಂಟಿಮೀಟರ್ ಆಳ. 4 ಮೀಟರಿಗೆ ಹಿಡಿದವರ ಕೈ ನೆಲದಿಂದ ಇರುವುದು 3.80ರಲ್ಲಿ. ಇನ್ನು ಸ್ವೀಡನ್ನಿನ ಪೋಲ್ ವಾಲ್ಟರ್ ಅರ್ಮಾಂಡ್ ಡುಪ್ಲಾಂಟಿಸ್ 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ 6.30 ಮೀಟರ್ ದಾಟಿದರು. ಆ ಮಟ್ಟದವರ ಪೋಲ್ ಉದ್ದ ಐದು ಮೀಟರ್ ಚಿಲ್ಲರೆ ಅಷ್ಟೆ. ಪೋಲಿನ ತುದಿಗಿಂತ ಒಂದು ಮೀಟರಿಗೂ ಮೇಲೆ ಅವರು ಹೋಗುವುದು ವೇಗದಿಂದ, ಮೈ ತಿರುಗಿಸುವುದರಿಂದ. ಹಿಡಿತ ಏರಿಸಿದ ಮಾತ್ರಕ್ಕೆ ಅದು ಬರುವುದಿಲ್ಲ.

ಹೊಸಬರು ಪೋಲನ್ನು ನೇರ ನಿಲ್ಲಿಸಿ, ಬಲಗೈ ಪೂರ್ತಿ ಚಾಚಿ ಎಟಕುವಲ್ಲಿ ಹಿಡಿದು ಶುರು ಮಾಡಲಿ. ಪೋಲ್ ನೇರ ನಿಲ್ಲುವ ಹಂತ ದಾಟಿ ಸಲೀಸಾಗಿ ಮುಂದೆ ಹೋಗಿ, ಮ್ಯಾಟಿನ ನಡುವೆ ಬೀಳುತ್ತಿದ್ದರೆ ಮಾತ್ರ ಒಂದು ಮುಷ್ಟಿ ಏರಿಸಿ. ಬಾಕ್ಸಿನ ಹತ್ತಿರ ಬೀಳುತ್ತಿದ್ದರೆ ಒಂದು ಮುಷ್ಟಿ ಇಳಿಸಿ. ಇದರಲ್ಲಿ ಮುಲಾಜು ಬೇಡ. ಹಿಡಿತ ಜಾಸ್ತಿ ಮೇಲಿದ್ದರೆ ಪೋಲ್ ನಡುದಾರಿಯಲ್ಲೇ ನಿಂತು ರನ್‌ವೇ ಕಡೆ ವಾಪಸ್ ತಳ್ಳುತ್ತದೆ. ಆಗ ಹೆದರಿ ಕೈ ಬಿಡುತ್ತಾರೆ, “ಜಾರಿತು” ಅನ್ನುತ್ತಾರೆ. ಮ್ಯಾಟಿನ ಮೇಲೆ ಬರುವವರೆಗೆ ಪೋಲ್ ಬಿಡಬಾರದು ಅಂತ ಮೊದಲ ದಿನದಿಂದಲೇ ಹೇಳಿಕೊಡಿ. ಆಷಾಢದ ಗಾಳಿ ಎದುರಿಗೆ ಬೀಸುತ್ತಿದ್ದರೆ, ಅಥವಾ ಜಾಗ ಸಾಲದೆ ಓಟ ಚಿಕ್ಕದು ಮಾಡಿದರೆ, ಹಿಡಿತವನ್ನೂ ಇಳಿಸಿ. ನಿನ್ನೆ ಹಿಡಿದ ಜಾಗ ಇವತ್ತಿಗೂ ಸರಿ ಅಂತ ಏನಿಲ್ಲ.

ಇನ್ನು ಪೋಲ್ ಆಯ್ಕೆ. ಪೋಲ್ ಮೇಲೆ ಅದರ ಉದ್ದ ಮತ್ತು ಎಷ್ಟು ತೂಕದವರಿಗೆ ಅಂತ ಬರೆದಿರುತ್ತದೆ, ತೂಕ ಸಾಮಾನ್ಯವಾಗಿ ಪೌಂಡಿನಲ್ಲಿ. ಒಂದು ಪೌಂಡ್ ಅಂದರೆ 0.45 ಕೆ.ಜಿ. ಆ ತೂಕ ಲೆಕ್ಕ ಹಾಕಿರುವುದು ಮೇಲ್ತುದಿಯ ಪಟ್ಟಿಯ ಹತ್ತಿರ ಹಿಡಿದಾಗ. ಕೆಳಗೆ ಹಿಡಿದಷ್ಟೂ ಪೋಲ್ ಗಟ್ಟಿಯಾಗುತ್ತದೆ, 15 ಸೆಂಟಿಮೀಟರ್ ಇಳಿದರೆ ಸುಮಾರು 10 ಪೌಂಡ್ ಅಂತ ತರಬೇತುದಾರರು ಲೆಕ್ಕ ಹಿಡಿಯುತ್ತಾರೆ. ನಮ್ಮಲ್ಲಿ ಒಂದೇ ಪೋಲನ್ನು ಎಲ್ಲರೂ ಹಂಚಿಕೊಳ್ಳುವುದು ತಾನೇ? 140 ಪೌಂಡಿನ, ಅಂದರೆ 63.5 ಕೆ.ಜಿ.ಯ ಪೋಲನ್ನು 55 ಕೆ.ಜಿ.ಯ ಹುಡುಗ 30 ಸೆಂಟಿಮೀಟರ್ ಕೆಳಗೆ ಹಿಡಿದರೆ ಅದು 160 ಪೌಂಡ್, ಅಂದರೆ 72 ಕೆ.ಜಿ. ಮೇಲ್ಪಟ್ಟವರ ಪೋಲಿನಂತೆ ವರ್ತಿಸುತ್ತದೆ. ಬಾಗುವುದೇ ಇಲ್ಲ. ಏಟೆಲ್ಲ ಕೈಗೆ. ಇಂಥ ಪೋಲಿನಲ್ಲಿ ಬಾಗಿಸುವ ಆಸೆ ಬಿಟ್ಟು, ಹಿಡಿತ ಇನ್ನೂ ಇಳಿಸಿ, ನೇರ ಪೋಲಿನಂತೆ ಹಾರಿಸಿ. ತನ್ನ ತೂಕಕ್ಕಿಂತ ಕಡಿಮೆ ಬರೆದಿರುವ ಪೋಲನ್ನು ಬಾಗಿಸಿ ಹಾರುವುದಂತೂ ಬೇಡವೇ ಬೇಡ, ಮುರಿಯುತ್ತದೆ. ಮೇಲಿನ ಪಟ್ಟಿಗಿಂತ ಮೇಲೆ ಕೈ ಹೋಗಬಾರದು.

ಸ್ಪರ್ಧೆಯ ದಿನ

ಹೆಸರು ಕರೆದ ಮೇಲೆ, ಮೂವರಿಗಿಂತ ಹೆಚ್ಚು ಜನ ಉಳಿದಿದ್ದರೆ ಸಿಗುವುದು ಒಂದೇ ನಿಮಿಷ. ಅದರಲ್ಲಿ ಟೇಪ್ ಸುತ್ತಲು ಕೂರಬೇಡಿ. ಕೈ ಒರೆಸುವುದು, ಚಾಕ್, ಚುಕ್ಕೆ ನೋಡಿ ಹಿಡಿಯುವುದು, ಇಷ್ಟೇ. ಬೇರೆ ಊರಿನ ಮೈದಾನದಲ್ಲಿ ಹೊಸ ಅಂಟು, ಹೊಸ ಕೈಗವಸು ಪ್ರಯೋಗ ಮಾಡಬೇಡಿ. ಅಂಗೈಯಲ್ಲಿ ಗುಳ್ಳೆ ಒಡೆದಿದ್ದರೆ ತೊಳೆದು ಮುಚ್ಚಿ, ಒಂದೆರಡು ದಿನ ಬರೀ ಓಟ ಮಾಡಿ. ಗಟ್ಟಿ ಚರ್ಮ ಎದ್ದು ನಿಂತಿದ್ದರೆ ಸ್ನಾನ ಆದ ಮೇಲೆ ಉಜ್ಜಿ ಸಮ ಮಾಡಿಕೊಳ್ಳಿ, ಇಲ್ಲದಿದ್ದರೆ ಅದೇ ಕಿತ್ತು ಬರುತ್ತದೆ.

ಟೇಪ್ ಬಿಚ್ಚಿದಾಗ

ಹಳೇ ಟೇಪ್ ಕಿತ್ತ ದಿನ ಪೋಲಿನ ಮೈಯನ್ನು ಒಂದು ಸಲ ಪೂರ್ತಿ ನೋಡಿಬಿಡಿ. ಪದರದ ಮೇಲೆ ಪದರ ಸುತ್ತಿದ ಜಾಗದಲ್ಲಿ ಏನು ಆಗಿದೆ ಅಂತ ತಿಂಗಳುಗಟ್ಟಲೆ ಯಾರೂ ನೋಡಿರುವುದಿಲ್ಲ. ಬಸ್ಸಿನ ಮೇಲೆ ಕಟ್ಟಿ ತಂದಾಗ ಹಗ್ಗ ಬಿಗಿದ ಜಾಗ, ಸ್ಪೈಕ್ ತುಳಿದ ಜಾಗ, ಸ್ಟ್ಯಾಂಡಿಗೆ ಬಡಿದ ಜಾಗ ಬೆಳಕಿಗೆ ಹಿಡಿದರೆ ಕಾಣುತ್ತದೆ. ಉಗುರಿನಿಂದ ಸುತ್ತಲೂ ಸವರಿ. ಉಗುರು ಸಿಕ್ಕಿಕೊಳ್ಳುವ ಗೀರು, ಅಥವಾ ಒಳಗಿನಿಂದ ಬೆಳ್ಳಗಾದ ಕಲೆ ಕಂಡರೆ ಆ ಪೋಲಿನಲ್ಲಿ ಇನ್ನು ಹಾರುವಂತಿಲ್ಲ. ದುಬಾರಿ ಸಾಮಾನು, ಬಿಸಾಡಲು ಮನಸ್ಸು ಬರುವುದಿಲ್ಲ, ಗೊತ್ತು. ಮೂಲೆಗಿಟ್ಟರೆ ಮುಂದಿನ ವರ್ಷ ಹೊಸ ಹುಡುಗ ಯಾರೋ ಟೇಪ್ ಸುತ್ತಿಕೊಂಡು ಎತ್ತಿಕೊಂಡು ಬರುತ್ತಾನೆ. ಗರಗಸ ತಂದು ಎರಡು ತುಂಡು ಮಾಡಿಬಿಡಿ.